ಅತಿಥಿ ಕೋಣೆಯ ಟಿವಿ: ಅದು ಮನೆಯೋ, ಅಂಗಡಿಯೋ?

ಈ ವಾರದ ಕಂತು ಟಿವಿ ಬಗ್ಗೆ. ಧಾರಾವಾಹಿ ಬಗ್ಗೆ ಅಲ್ಲ. ನಮ್ಮದಲ್ಲದ ಮನೆಯಲ್ಲಿ ದುಡ್ಡು ಕೊಟ್ಟು ಒಂದೆರಡು ರಾತ್ರಿ ಉಳ್ಕೊಂಡಾಗ ಗೋಡೆ ಮೇಲೆ ಇರುತ್ತಲ್ಲ, ಆ ಟಿವಿ ಬಗ್ಗೆ.

ದೊಡ್ಡಬೆಳವಂಗಲ ಗೊತ್ತಿಲ್ಲದವರಿಗೆ: ಅದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆ ಕಡೆ ಹೋಗೋ ದಾರಿ. ಆ ಕಡೆ ಶಿವಗಂಗೆ, ಈ ಕಡೆ ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗ, ನಂದಿಬೆಟ್ಟ. ರಾಗಿ ಹೊಲ, ನೀಲಗಿರಿ ತೋಪು, ಬೆಳಗ್ಗೆ ಡೈರಿ ಮುಂದೆ ಹಾಲಿನ ಕ್ಯಾನು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸುತ್ತಿನ ಭೂಮಿ ಕಡೆ ಬೆಂಗಳೂರಿನ ಕಣ್ಣು ಬಿತ್ತು. ಮೊದಲು ಸೈಟು, ಆಮೇಲೆ ಫಾರ್ಮ್‌ಹೌಸ್, ಆಮೇಲೆ ಆ ಫಾರ್ಮ್‌ಹೌಸ್‌ಗಳನ್ನ ಶನಿವಾರ ಭಾನುವಾರ ಬಾಡಿಗೆಗೆ ಕೊಡೋ ಪದ್ಧತಿ. ನಮ್ಮ ಚಿಕ್ಕಪ್ಪನೂ ತೋಟದ ಮನೆಯ ಮೂರು ಕೋಣೆ ಹೀಗೇ ಕೊಡ್ತಾರೆ. ಫೋನ್ ಮಾಡೋ ಅತಿಥಿಗಳು ಮೊದಲು ಕೇಳೋದು ಊಟದ ಬಗ್ಗೆ ಅಲ್ಲ, ಬೋರ್‌ವೆಲ್ ನೀರಿನ ಬಗ್ಗೆನೂ ಅಲ್ಲ. "ವೈಫೈ ಇದ್ಯಾ? ಟಿವಿಲಿ ಓಟಿಟಿ ಬರುತ್ತಾ?" ಅಂತ. ಚಿಕ್ಕಪ್ಪ ನನಗೆ ಫೋನ್ ಮಾಡಿ, "ನೀನು ಬಿಕಾಂ ಓದಿದ್ದೀಯಲ್ಲಪ್ಪ, ಇದು ಹಾಕಿಸಿದ್ರೆ ಗಿಟ್ಟುತ್ತಾ, ಲೆಕ್ಕ ಹಾಕಿ ಹೇಳು" ಅಂದ್ರು.

ಲೆಕ್ಕ ಹತ್ತು ನಿಮಿಷದ್ದು. ಆದರೆ ಅದರ ಹಿಂದೆ ಸುಮಾರು ತೊಂಬತ್ತು ವರ್ಷದ ಒಂದು ಜಗಳ ಇದೆ. ಅಪರಿಚಿತ ಮಲಗೋ ಕೋಣೆಯಲ್ಲಿ ರೇಡಿಯೊನೋ ಟಿವಿನೋ ಇಟ್ಟರೆ, ಆ ಕೋಣೆ ಮನೆಯೋ ಅಂಗಡಿಯೋ? ಹೊಸ ಪೆಟ್ಟಿಗೆ ಬಂದಾಗೆಲ್ಲ ಈ ಪ್ರಶ್ನೆ ಮತ್ತೆ ಎದ್ದಿದೆ, ಪ್ರತಿ ಸಲ ಉತ್ತರ ಸ್ವಲ್ಪ ಬೇರೆ ಬಂದಿದೆ.

ಶುರು ಮಾಡೋಣ ಅಮೆರಿಕದ ಕಾನ್ಸಾಸ್ ಸಿಟಿಯಿಂದ. ಅಲ್ಲಿನ ಲಾಸಾಲ್ ಹೋಟೆಲ್‌ನವರು ಒಂದು ದೊಡ್ಡ ರೇಡಿಯೊ ಸೆಟ್ ಇಟ್ಟು, ಅದರಿಂದ ವೈರ್ ಎಳೆದು ಹೋಟೆಲಿನ ಕೋಣೆಗಳಿಗೆಲ್ಲ ಹಾಡು ಕೇಳಿಸ್ತಿದ್ರು. ಹಾಡಿನ ಹಕ್ಕುದಾರರು ಕೇಸ್ ಹಾಕಿದ್ರು. ಹೋಟೆಲ್‌ನವರ ವಾದ ಏನು ಅಂದ್ರೆ: ಹಾಡಿದ್ದು ನಾವಲ್ಲ, ಗಾಳಿಯಲ್ಲಿ ಬಂದಿದ್ದನ್ನ ಹಿಡಿದು ಕೊಟ್ವಿ ಅಷ್ಟೆ. 1931ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ನ್ಯಾಯಮೂರ್ತಿ ಬ್ರಾಂಡೈಸ್ ಬರೆದ ತೀರ್ಪಿನ ಪ್ರಕಾರ ಅತಿಥಿಗಳಿಗೆ ಹಾಗೆ ಕೇಳಿಸೋದೂ ಒಂದು ಪ್ರದರ್ಶನವೇ. ಇವತ್ತು ಹೋಂಸ್ಟೇ ಮಾಲೀಕರು "ನಾನೇನು ಸಿನಿಮಾ ತೋರಿಸ್ತಿಲ್ವಲ್ಲ ಸ್ವಾಮಿ, ಟಿವಿ ಇಟ್ಟಿದ್ದೀನಿ ಅಷ್ಟೆ" ಅಂತಾರಲ್ಲ, ಆ ಮಾತಿಗೆ ಅಷ್ಟು ವಯಸ್ಸಾಗಿದೆ.

ನಮ್ಮಲ್ಲಿ ದಾರಿ ಬೇರೆ ಇತ್ತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇವುಗಳ ಕೆಳಗೆ, ರೇಡಿಯೊ ಇಟ್ಕೋಬೇಕು ಅಂದ್ರೆ ಲೈಸೆನ್ಸ್ ಬೇಕಿತ್ತು. ಕೇಳೋದಕ್ಕೆ ಲೈಸೆನ್ಸ್! ವರ್ಷಕ್ಕೊಂದು ಸಲ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಸ್ಕೊಂಡು ಬರಬೇಕು. ಅಜ್ಜನ ಟ್ರಂಕಿನ ತಳದಲ್ಲಿ ಹುಡುಕಿ, ಆ ಪುಸ್ತಕ ಇನ್ನೂ ಇರಬಹುದು. ಈ ಲೈಸೆನ್ಸಲ್ಲಿ ಮನೆಬಳಕೆಗೆ ಒಂದು ಬಗೆ, ವಾಣಿಜ್ಯ ಬಳಕೆಗೆ ಇನ್ನೊಂದು ಬಗೆ. ಅಂದ್ರೆ ಮನೆ ಯಾವುದು, ಅಂಗಡಿ ಯಾವುದು ಅನ್ನೋ ಗೆರೆಯನ್ನ ಸರ್ಕಾರ ರೇಡಿಯೊ ಕಾಲದಲ್ಲೇ ಎಳೆದಿತ್ತು. ಟಿವಿ ಬಂದಾಗ ಅದಕ್ಕೂ ಇದೇ ಲೈಸೆನ್ಸ್ ಪದ್ಧತಿ. 1980ರ ದಶಕದ ಮಧ್ಯದಲ್ಲಿ ಇದನ್ನೆಲ್ಲ ರದ್ದು ಮಾಡಿದ್ರು. ಬ್ರಿಟನ್‌ನಲ್ಲಿ ಇವತ್ತಿಗೂ ಟಿವಿ ಲೈಸೆನ್ಸ್ ಇದೆ. ಹೋಟೆಲ್‌ಗಳಿಗೆ ಅಲ್ಲಿ ಪ್ರತ್ಯೇಕ ಲೈಸೆನ್ಸು. ಮೊದಲ 15 ಕೋಣೆಗೆ ಒಂದು ಶುಲ್ಕ, ಆಮೇಲೆ ಪ್ರತಿ 5 ಕೋಣೆಗೆ ಇನ್ನೊಂದು.

ಕರ್ನಾಟಕಕ್ಕೆ ಟಿವಿ ಬಂದಿದ್ದು ಬೆಂಗಳೂರಿನಿಂದ ಅಲ್ಲ, ಕಲಬುರಗಿ ಕಡೆಯಿಂದ. ಇದು ಸುಮಾರು ಜನಕ್ಕೆ ಗೊತ್ತಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಅಂತ ಒಂದು ಉಪಗ್ರಹ ಪ್ರಯೋಗ ನಡೀತು. ನಾಸಾದ ಎಟಿಎಸ್-6 ಉಪಗ್ರಹ, ನಮ್ಮ ಇಸ್ರೊ, ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಊರಿಗೊಂದು ಸೆಟ್, ಸಾರ್ವಜನಿಕ ಜಾಗದಲ್ಲಿ, ಊರವರೆಲ್ಲ ನೆಲದ ಮೇಲೆ ಕೂತು ನೋಡೋದು. ಅಲ್ಲಿ "ಈ ಟಿವಿ ಯಾರದು" ಅನ್ನೋ ಪ್ರಶ್ನೆಗೇ ಅರ್ಥ ಇರಲಿಲ್ಲ, ಅದು ಊರಿನದು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ.

ಆಮೇಲೆ ಊರಲ್ಲಿ ಒಂದೆರಡು ಮನೆಗೆ ಟಿವಿ ಬಂತು. 1987ರ ಜನವರಿಯಲ್ಲಿ ರಾಮಾಯಣ ಶುರುವಾಯ್ತು. ಭಾನುವಾರ ಬೆಳಗ್ಗೆ ಟಿವಿ ಇದ್ದವರ ನಡುಮನೆ ಅವರದಾಗಿ ಉಳೀತಿರಲಿಲ್ಲ. ಬಾಗಿಲಾಚೆ ಚಪ್ಪಲಿ ರಾಶಿ, ಕಿಟಕಿ ಸರಳಿಗೆ ನೇತಾಡೋ ಮಕ್ಕಳು. ನಮ್ಮ ತಂದೆ ತಾಯಿ ವಯಸ್ಸಿನವರು ಯಾರನ್ನ ಕೇಳಿದ್ರೂ ಈ ಕಥೆ ಹೇಳ್ತಾರೆ. ಬೇರೆಯವರಿಗೆ ಟಿವಿ ತೋರಿಸೋದು ಆಗ ಮರ್ಯಾದೆಯ ವಿಷಯ. ಬಂದವರಿಗೆ ಮಜ್ಜಿಗೆ ಕೊಟ್ಟ ಹಾಗೆ. ಅದಕ್ಕೆ ರೇಟು ಕಟ್ಟೋದು ಯಾರಿಗೂ ಹೊಳೀತಿರಲಿಲ್ಲ.

ರೇಟು ಹೊಳೆದಿದ್ದು ವಿಡಿಯೊ ಕ್ಯಾಸೆಟ್ ಬಂದಾಗ. ಒಂದು ವಿಸಿಆರ್ ಇಟ್ಕೊಂಡು ಒಂದು ಕಟ್ಟಡದ ಎಲ್ಲ ಮನೆಗೂ ವೈರ್ ಎಳೆದು ಸಿನಿಮಾ ಹಾಕೋ ಹುಡುಗರು ಮುಂಬೈಯಲ್ಲಿ ಹುಟ್ಕೊಂಡ್ರು. ನಿರ್ಮಾಪಕರು ಕೋರ್ಟಿಗೆ ಹೋದ್ರು. ಕೇಬಲ್‌ನವರ ವಾದ: ನೋಡೋರು ಅವರವರ ಮನೆಯೊಳಗೆ ನೋಡ್ತಾರೆ, ಮನೆಯೊಳಗೆ ನೋಡೋದು ಖಾಸಗಿ, ಸಾರ್ವಜನಿಕ ಪ್ರದರ್ಶನ ಹೆಂಗಾಗುತ್ತೆ? ಗರ್ವಾರೆ ಕಂಪನಿ ಮತ್ತು ಟೆಲಿಲಿಂಕ್ ನಡುವಿನ ಆ ಪ್ರಕರಣದಲ್ಲಿ 1989ರ ಬಾಂಬೆ ಹೈಕೋರ್ಟ್ ತೀರ್ಪು ನಿರ್ಮಾಪಕರ ಪರ ಬಂತು. ನೋಡೋರು ಕೂತಿರೋದು ಮನೆಯಲ್ಲೇ ಆದರೂ, ತೋರಿಸೋನಿಗೆ ಅವರು ಸಾರ್ವಜನಿಕರೇ.

ಇದಾದ ಮೇಲೆ 1991ರ ಕೊಲ್ಲಿ ಯುದ್ಧ, ಸ್ಟಾರ್ ಟಿವಿ, 1992ರಲ್ಲಿ ಝೀ, 1994ರ ಜೂನ್‌ನಲ್ಲಿ ಉದಯ ಟಿವಿ. ಅದೇ 1994ರಲ್ಲಿ ಸಂಸತ್ತು ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂತು. ಅದರಲ್ಲಿ ಒಂದು ವಿವರಣೆ ಇದೆ, ನನಗೆ ಈ ಇಡೀ ಕಥೆಯ ಗೂಟ ಅದೇ ಅನ್ಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ: ಉಪಗ್ರಹ, ಕೇಬಲ್ ಅಥವಾ ಇಂಥ ಬೇರೆ ದಾರಿಯಲ್ಲಿ ಒಂದಕ್ಕಿಂತ ಹೆಚ್ಚು ಮನೆಗೆ ಅಥವಾ ವಾಸದ ಜಾಗಕ್ಕೆ ಏಕಕಾಲಕ್ಕೆ ತಲುಪಿಸಿದ್ರೆ ಅದು ಸಾರ್ವಜನಿಕರಿಗೆ ತಲುಪಿಸಿದಂತೆಯೇ. ಮತ್ತು ಹೋಟೆಲ್, ಹಾಸ್ಟೆಲ್‌ಗಳ ವಾಸದ ಕೋಣೆಗಳೂ ಇದರಲ್ಲಿ ಸೇರುತ್ತೆ. ಬಾಗಿಲು ಹಾಕ್ಕೊಂಡು, ಚಿಲಕ ಹಾಕ್ಕೊಂಡು, ಒಬ್ಬನೇ ಹೊದ್ದು ಮಲಗಿ ನೋಡಿದ್ರೂ ಕಾನೂನಿನ ಕಣ್ಣಿಗೆ ನೀವು ಸಾರ್ವಜನಿಕರು. ಹೋಂಸ್ಟೇ ಅನ್ನೋ ಪದ ಅಲ್ಲಿ ಇಲ್ಲ. 1994ರಲ್ಲಿ ತೋಟದ ಮನೆಯನ್ನ ಆ್ಯಪ್‌ನಲ್ಲಿ ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ ಅಂತ ಯಾರು ಅಂದ್ಕೊಂಡಿದ್ರು?

ಮರುವರ್ಷ, 1995ರಲ್ಲಿ, ಕೇಬಲ್ ಟಿವಿ ಕಾಯ್ದೆ ಬಂತು. ಕೇಬಲ್ ಆಪರೇಟರ್ ಆಗಬೇಕು ಅಂದ್ರೆ ಎಲ್ಲಿ ನೋಂದಣಿ ಮಾಡಿಸಬೇಕು ಗೊತ್ತಾ? ಪ್ರಧಾನ ಅಂಚೆ ಕಚೇರಿಯಲ್ಲಿ! ನೋಂದಣಿ ಅಧಿಕಾರಿ ಹೆಡ್ ಪೋಸ್ಟ್‌ಮಾಸ್ಟರ್. ಅಜ್ಜನ ರೇಡಿಯೊ ಪುಸ್ತಕಕ್ಕೆ ಮುದ್ರೆ ಒತ್ತಿದ ಅದೇ ಇಲಾಖೆ, ಈಗ ಊರಿನ ಕೇಬಲ್ ಹುಡುಗನ ಫಾರಂ ತಗೊಳ್ತಿತ್ತು.

ಆ ಕೇಬಲ್ ಹುಡುಗ ಪ್ರತಿ ಹೋಬಳಿಯಲ್ಲೂ ಒಬ್ಬ ಇದ್ದ. ದೊಡ್ಡಬೆಳವಂಗಲದಲ್ಲೂ ಇದ್ದ. ಹೆಗಲ ಮೇಲೆ ಕಪ್ಪು ವೈರಿನ ಸುರುಳಿ, ಕೈಯಲ್ಲಿ ಬಾಕಿ ಬರೆಯೋ ಚಿಕ್ಕ ಕಾರ್ಡು. ಮಳೆ ಬಂದ ಮಾರನೇ ದಿನ ಮರ ಹತ್ತೋನು, ತಿಂಗಳ ಮೊದಲ ವಾರ ಮನೆ ಮನೆ ಬಾಗಿಲು ತಟ್ಟೋನು. ಕ್ರಿಕೆಟ್ ಮ್ಯಾಚ್ ದಿನ ಕೇಬಲ್ ಹೋದ್ರೆ ಊರೆಲ್ಲ ಅವನಿಗೆ ಬಯ್ಯೋದು, ಅವನು ಕರೆಂಟಿನವರಿಗೆ ಬಯ್ಯೋದು. ಆ ಕಾಲದ ಲಾಡ್ಜ್ ಬೋರ್ಡ್ ನೆನಪಿದ್ಯಾ? ಕೆಂಪು ಅಕ್ಷರದಲ್ಲಿ ಲಾಡ್ಜ್ ಹೆಸರು, ಕೆಳಗೆ ಸಣ್ಣದಾಗಿ "ಬಿಸಿನೀರು, ಕಲರ್ ಟಿವಿ, ಕೇಬಲ್ ಸೌಲಭ್ಯವಿದೆ" ಅಂತ. ಇವತ್ತು ಆ್ಯಪ್‌ನಲ್ಲಿ ಚಿಕ್ಕ ಚಿತ್ರ ಹಾಕಿ "ಸ್ಮಾರ್ಟ್ ಟಿವಿ" ಅಂತ ತೋರಿಸೋದು ಆ ಬೋರ್ಡಿನ ಮೊಮ್ಮಗ. ಅದಕ್ಕೂ ಹಿಂದಿನ ತಲೆಮಾರಿನ ತಂಗುದಾಣ ಅಂದ್ರೆ ಟ್ರಾವೆಲರ್ಸ್ ಬಂಗಲೆ, ಜನರ ಬಾಯಲ್ಲಿ ಟಿ.ಬಿ. ದೊಡ್ಡಬಳ್ಳಾಪುರದ ಟಿ.ಬಿ. ಸರ್ಕಲ್‌ನಲ್ಲಿ ದಿನಾ ಬಸ್ ಹತ್ತೋರಲ್ಲಿ ಎಷ್ಟು ಜನಕ್ಕೆ ಆ ಎರಡಕ್ಷರ ಏನು ಅಂತ ಗೊತ್ತೋ! ಅಲ್ಲಿ ಅತಿಥಿಗೆ ಸಿಗ್ತಿದ್ದ ಮನರಂಜನೆ ಅಂದ್ರೆ ಜಗಲಿ ಮೇಲಿನ ಕುರ್ಚಿ ಮತ್ತು ಅಡುಗೆಯವನ ಕಥೆ.

ಈಗ 2006ಕ್ಕೆ ಬರೋಣ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ, ನಮ್ಮ ಚಿಕ್ಕಪ್ಪನ ಕೇಸು ನಿಂತಿರೋದು ಇದರ ಮೇಲೆ. ಚಾನೆಲ್ ಕಂಪನಿಗಳು ದೊಡ್ಡ ಹೋಟೆಲ್‌ಗಳಿಗೆ ಹೆಚ್ಚು ದುಡ್ಡು ಕೇಳಿದ್ವು. ಹೋಟೆಲ್‌ನವರು, ನಾವೂ ಮಾಮೂಲಿ ಗ್ರಾಹಕರೇ, ಮನೆಗಿರೋ ದರವೇ ನಮಗೂ ಇರಲಿ ಅಂದ್ರು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2006ರ ನವೆಂಬರ್ 24ರ ತೀರ್ಪಿನಲ್ಲಿ ಕೋರ್ಟು, ವಾಣಿಜ್ಯ ಗ್ರಾಹಕರ ದರದ ಪ್ರಶ್ನೆಯನ್ನ ಟ್ರಾಯ್ ಪರಿಶೀಲಿಸಬೇಕು ಅಂತು. ಅದಕ್ಕೆ ಮೂರು ದಿನ ಮುಂಚೆ ಟ್ರಾಯ್ ಒಂದು ಆದೇಶ ಹೊರಡಿಸಿತ್ತು. ಮೂರು ನಕ್ಷತ್ರ ಅಥವಾ ಅದಕ್ಕಿಂತ ಮೇಲಿನ ಹೋಟೆಲ್, ಹೆರಿಟೇಜ್ ಹೋಟೆಲ್, 50 ಅಥವಾ ಹೆಚ್ಚು ಕೋಣೆ ಇರೋ ತಂಗುದಾಣ, ಇವರು ಚಾನೆಲ್‌ನವರ ಜತೆ ಮಾತಾಡಿ ದರ ಕುದುರಿಸಿಕೊಳ್ಳಲಿ. ಉಳಿದ ಸಣ್ಣವರಿಗೆ ಮಾಮೂಲಿ ದರದ ಮಿತಿಯ ರಕ್ಷಣೆ.

ಇದನ್ನ ನಾನು ಆ ಕಾಲದ ಒಳ್ಳೆ ಬುದ್ಧಿ ಅಂತೀನಿ. ಬಸ್ ಸ್ಟ್ಯಾಂಡ್ ಪಕ್ಕದ ಹನ್ನೆರಡು ಕೋಣೆ ಲಾಡ್ಜನ್ನೂ ಈಜುಕೊಳ ಇರೋ ಹೋಟೆಲನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲೂ ಇಂಥದೇ ಗೆರೆ ಇದೆ: ಗರಿಷ್ಠ 6 ಕೋಣೆ, 12 ಹಾಸಿಗೆ, ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು. ಅಷ್ಟರೊಳಗಿದ್ರೆ ಅದು ಮನೆಯ ಗುಣ ಕಳ್ಕೊಂಡಿಲ್ಲ ಅಂತ ಲೆಕ್ಕ.

ವಿಚಿತ್ರ ಅಂದ್ರೆ, ನಮ್ಮ ಸುಪ್ರೀಂ ಕೋರ್ಟ್ ತೀರ್ಪು ಬಂದು ಎರಡು ವಾರ ಆಗೋದರೊಳಗೆ, 2006ರ ಡಿಸೆಂಬರ್ 7ಕ್ಕೆ, ಯುರೋಪಿನ ನ್ಯಾಯಾಲಯವೂ ಸ್ಪೇನ್‌ನ ಒಂದು ಹೋಟೆಲ್ ಕೇಸಿನಲ್ಲಿ ಕೋಣೆಯ ಟಿವಿಗೆ ಸಿಗ್ನಲ್ ಕೊಡೋದು ಸಾರ್ವಜನಿಕರಿಗೆ ತಲುಪಿಸಿದಂತೆ ಅಂತ ಹೇಳಿತು. 2024ರ ಜೂನ್ 20ಕ್ಕೆ ಅದೇ ನ್ಯಾಯಾಲಯದ ಮುಂದೆ ಜರ್ಮನಿಯಿಂದ ಇನ್ನೂ ಹತ್ತಿರದ ಪ್ರಶ್ನೆ ಬಂತು. ಅಪಾರ್ಟ್‌ಮೆಂಟುಗಳಲ್ಲಿ ಟಿವಿ ಇದೆ, ಪ್ರತಿ ಟಿವಿಗೂ ಅದರದೇ ಸಣ್ಣ ಆಂಟೆನಾ, ನಡುವೆ ಕೇಬಲ್ಲೂ ಇಲ್ಲ. ಆದರೂ ಅವನ್ನ ಪ್ರವಾಸಿಗಳಂಥವರಿಗೆ ಅಲ್ಪಾವಧಿಗೆ ಕೊಡ್ತಿದ್ರೆ ಅದು ಸಾರ್ವಜನಿಕರಿಗೆ ತಲುಪಿಸಿದಂತೆ ಆಗಬಹುದು ಅಂತ ತೀರ್ಪು. ಖಾಯಂ ಬಾಡಿಗೆದಾರ ಆದ್ರೆ ಬೇರೆ ಮಾತು. ಒಂದೇ ಕೋಣೆ, ಒಂದೇ ಟಿವಿ; ಮಲಗೋನು ಎಷ್ಟು ದಿನ ಇರ್ತಾನೆ ಅನ್ನೋದರ ಮೇಲೆ ಅದು ಮನೆನೋ ಅಂಗಡಿನೋ ನಿರ್ಧಾರ ಆಗುತ್ತೆ.

ಇಷ್ಟು ಹೊತ್ತಿಗೆ ನಮ್ಮ ಕೇಬಲ್ ಹುಡುಗನ ಕಾಲ ಇಳಿಮುಖ ಆಗಿತ್ತು. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಡಿಟಿಎಚ್, 2006ರಲ್ಲಿ ಟಾಟಾ ಸ್ಕೈ. ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಅನ್ನೋದು ಬೆಂಗಳೂರಿಗೆ 2013ರಲ್ಲಿ ಬಂದು, ಹಳ್ಳಿಗಳ ಸರದಿ ಕೊನೆಯ ಹಂತದಲ್ಲಿ, 2017ರ ಮಾರ್ಚ್‌ಗೆ ಬಂತು. ಅಷ್ಟರಲ್ಲಿ ಆಟವೇ ಬದಲಾಗಿತ್ತು. 2015ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, 2016ರ ಸೆಪ್ಟೆಂಬರ್ 5ಕ್ಕೆ ಜಿಯೊ. ಹಳ್ಳಿಯ ಅಂಗಡಿ ಕಟ್ಟೆ ಮೇಲೆ ಕೂತ ಹುಡುಗರ ಕೈಯಲ್ಲೇ ಸಿನಿಮಾ.

ಇಲ್ಲಿ ನಿಜವಾಗಿ ಬದಲಾಗಿದ್ದು ವೈರ್ ಅಲ್ಲ. ಕೇಬಲ್ ಕಾಲದಲ್ಲಿ ದುಡ್ಡು ಕಟ್ತಿದ್ದದ್ದು ಮನೆಗೆ. ವೈರ್ ಯಾವ ಗೋಡೆಗೆ ಬಂದಿದೆಯೋ ಆ ಗೋಡೆಗೆ. ಯಾರು ಕೂತು ನೋಡಿದ್ರು ಅಂತ ವೈರಿಗೆ ಗೊತ್ತಿರಲಿಲ್ಲ. ಓಟಿಟಿಯಲ್ಲಿ ಖಾತೆ ಇರೋದು ಮನುಷ್ಯನದು. ಫೋನ್ ನಂಬರ್, ಮೇಲ್, ಪಾಸ್‌ವರ್ಡ್, ಏನು ನೋಡಿದ, ಎಲ್ಲಿ ನಿಲ್ಲಿಸಿದ. ನೆಟ್‌ಫ್ಲಿಕ್ಸ್ ತನ್ನ ಷರತ್ತಿನಲ್ಲಿ ಇದು ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ, ನಿಮ್ಮ ಮನೆಯಾಚೆಯವರ ಜತೆ ಹಂಚೋ ಹಾಗಿಲ್ಲ ಅಂತ ಹೇಳುತ್ತೆ. 2023ರ ಜುಲೈ 20ಕ್ಕೆ ಭಾರತದಲ್ಲೂ ಅದನ್ನ ಬಿಗಿ ಮಾಡಿದ್ರು. ಪಾಸ್‌ವರ್ಡ್ ಹಂಚ್ಕೊಂಡಿದ್ದ ರೂಮ್‌ಮೇಟುಗಳು, ಮಾಜಿ ರೂಮ್‌ಮೇಟುಗಳು, ಬ್ರೇಕಪ್ ಆದ್ಮೇಲೂ ಲಾಗಿನ್ ಉಳಿಸ್ಕೊಂಡವರು, ಎಲ್ಲರಿಗೂ ಬಿಸಿ ತಟ್ಟಿತು. ಹೋಂಸ್ಟೇಗಳಿಗೂ ತಟ್ಟಿತು, ಅದು ಸುದ್ದಿಯಾಗಲಿಲ್ಲ.

ಈಗ ಚಿಕ್ಕಪ್ಪ ಕೇಳಿದ ಲೆಕ್ಕ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿ ದರ ಇಳಿಸಿದಾಗ ತಿಂಗಳಿಗೆ 149 ರೂಪಾಯಿದು ಬರೀ ಮೊಬೈಲಿಗೆ, ಟಿವಿಯಲ್ಲಿ ಬರೋದು 199ರಿಂದ ಶುರು, ಮೇಲಿನದು 649. ಶುಕ್ರವಾರ ಶನಿವಾರ ಮಾತ್ರ ಜನ ಬರ್ತಾರೆ ಅಂದ್ರೆ ತಿಂಗಳಿಗೆ 8 ರಾತ್ರಿ. 649ನ್ನ ಎಂಟರಿಂದ ಭಾಗಿಸಿ: ರಾತ್ರಿಗೆ 81 ರೂಪಾಯಿ ಚಿಲ್ಲರೆ. ಅತಿಥಿಗಳಿಗೆ ಕೊಡೋ ಕಾಫಿ, ಬಿಸ್ಕತ್ತಿಗೂ ಇದಕ್ಕಿಂತ ಹೆಚ್ಚು ಬೀಳುತ್ತೆ. ಖರ್ಚಿನ ಕಡೆಯಿಂದ ನೋಡಿದ್ರೆ ಕಣ್ಣು ಮುಚ್ಕೊಂಡು ಹಾಕಿಸಬಹುದು. ಆದರೆ ಆ 649 ಕೊಂಡುಕೊಳ್ಳೋದು ಮನೆಯ ಹಕ್ಕನ್ನ, ಬಾಡಿಗೆ ಕೋಣೆಯ ಹಕ್ಕನ್ನಲ್ಲ. ಹಾಗಂತ ಹೇಳಿದಾಗ ಚಿಕ್ಕಪ್ಪ, "ನಾನಿರೋದೂ ಇದೇ ಮನೇಲಲ್ವೇನೋ?" ಅಂದ್ರು. ಸರಿಯಾದ ಮಾತೇ. 2006ರ ಟ್ರಾಯ್ ಆದೇಶ ಬರೆದವರಿಗೆ ಅರ್ಥ ಆಗ್ತಿತ್ತು. ಓಟಿಟಿಯ ಷರತ್ತಿಗೆ ಅರ್ಥ ಆಗಲ್ಲ, ಯಾಕಂದ್ರೆ ಅದರಲ್ಲಿ 50 ಕೋಣೆಯ ಗೆರೆ ಇಲ್ಲ. ಮೂರು ಕೋಣೆಗೂ ಅದೇ ಷರತ್ತು, ಮುನ್ನೂರು ಕೋಣೆಗೂ ಅದೇ.

ನನ್ನ ತಕರಾರು ಇಲ್ಲಿದೆ. ದೊಡ್ಡ ಹೋಟೆಲ್‌ಗಳ ಟಿವಿಗಳಿಗೆ ಬೇರೆ ವ್ಯವಸ್ಥೆ ಬಂದಿದೆ. ಅತಿಥಿ ತನ್ನದೇ ಖಾತೆಯಿಂದ ಒಳಗೆ ಹೋಗ್ತಾನೆ, ಚೆಕ್‌ಔಟ್ ಆದ ತಕ್ಷಣ ಖಾತೆಯ ವಿವರ ತಾನಾಗೇ ಅಳಿಸಿಹೋಗುತ್ತೆ. ಅದಕ್ಕೆ ಹೋಟೆಲ್ ಟಿವಿ ಬೇಕು, ಸಾಫ್ಟ್‌ವೇರ್ ಬೇಕು, ನೋಡ್ಕೊಳ್ಳೋಕೆ ಜನ ಬೇಕು. ತೋಟದ ಮನೆಯ ಟಿವಿ ಅಂಗಡಿಯಿಂದ ತಂದ ಮಾಮೂಲಿ ಟಿವಿ. ಹಿಂದೆ ಸಣ್ಣವರಿಗಿದ್ದ ರಿಯಾಯಿತಿ ಹೋಯ್ತು, ದೊಡ್ಡವರಿಗೆ ಸಿಕ್ಕ ಸೌಲಭ್ಯ ಇವರಿಗೆ ಸಿಗಲಿಲ್ಲ.

ಇದರಿಂದ ಕೆಡೋದು ಬರೀ ಮಾಲೀಕನ ಲೆಕ್ಕ ಅಲ್ಲ, ಅತಿಥಿಯದೂ ಕೂಡ. ಒಂದು ಸಲ ಚಿಕ್ಕಪ್ಪನ ಮನೆಗೆ ಬಂದಿದ್ದ ಒಂದು ಸಂಸಾರ ತಮ್ಮ ಖಾತೆ ಟಿವಿಯಲ್ಲೇ ಬಿಟ್ಟು ಹೋಗಿದ್ರು. ಮುಂದಿನ ವಾರ ಬಂದ ಹುಡುಗರ ಗುಂಪು ಟಿವಿ ಹಾಕಿದ್ರೆ ಆ ಮನೆಯ ಗಂಡ, ಹೆಂಡತಿ, ಮಗು, ಅಜ್ಜಿ ಎಲ್ಲರ ಹೆಸರಿನ ಪ್ರೊಫೈಲು. ಯಾರು ಏನೇನು ನೋಡಿದ್ದಾರೆ ಅನ್ನೋದೂ ಸಾಲಾಗಿ. ಹುಡುಗರು ನಕ್ಕೊಂಡು ರಾತ್ರಿಯೆಲ್ಲ ಅದರಲ್ಲೇ ಸಿನಿಮಾ ನೋಡಿದ್ರಂತೆ. ಆ ಸಂಸಾರದವರು ಫೋನ್ ಮಾಡಿ ಬೇಜಾರು ಮಾಡ್ಕೊಂಡ್ರು, ಆ್ಯಪ್‌ನಲ್ಲಿ ಕಡಿಮೆ ನಕ್ಷತ್ರ ಕೊಟ್ರು. ಮೂರು ಕೋಣೆಯ ಮನೆಗೆ ಒಂದು ಕೆಟ್ಟ ವಿಮರ್ಶೆ ಅಂದ್ರೆ ಎರಡು ವಾರ ಫೋನ್ ಬರಲ್ಲ. ಲಾಡ್ಜಿನ ಲೆಡ್ಜರ್ ಆದ್ರೆ ಕೌಂಟರ್ ಹಿಂದೆ ಇರ್ತಿತ್ತು. ಅದಕ್ಕಿಂತ ಹೆಚ್ಚು ಬರ್ಕೊಂಡಿರೋ ಈ ಲೆಡ್ಜರು ಮಂಚದ ಎದುರಿಗೇ ನೇತಾಡ್ತಿದೆ.

ಈಗ ಅಲ್ಲಿ ಏನು ಮಾಡ್ತಾರೆ ಅಂದ್ರೆ, ಟಿವಿಯಲ್ಲಿ ಮನೆಯವರ ಖಾತೆ ಯಾವುದೂ ಇಲ್ಲ. ಅತಿಥಿಗಳು ತಮ್ಮ ಫೋನಿಂದ ಟಿವಿಗೆ ಹಾಕ್ಕೊಂಡು ನೋಡಬಹುದು. ಹೊರಡೋ ದಿನ ಕೋಣೆ ಗುಡಿಸೋಕೆ ಬರೋ ಅಕ್ಕನಿಗೆ ಚಾದರ ಬದಲಾಯಿಸೋದರ ಜತೆ ಟಿವಿ ರೀಸೆಟ್ ಮಾಡೋದನ್ನೂ ಹೇಳಿಕೊಟ್ಟಿದ್ದಾರೆ. ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕು ಸಲ ಕೆಳಗೆ, ಒಂದು ಸಲ ಓಕೆ. ಆಕೆ ಓದು ಬಾರದಿದ್ರೂ ಲೆಕ್ಕ ಇಟ್ಕೊಂಡು ಮಾಡ್ತಾರೆ. ನೀವು ಇಂಥ ಕಡೆ ಹೋದ್ರೆ ಹೊರಡೋ ಮುಂಚೆ ನಿಮ್ಮ ಫೋನಲ್ಲಿ ಆ ಖಾತೆ ತೆಗೆದು "ಎಲ್ಲ ಸಾಧನಗಳಿಂದ ಹೊರಬನ್ನಿ" ಅನ್ನೋದನ್ನ ಒತ್ತಿಬಿಡಿ. ಆಕೆ ಮರೆತಿದ್ರೂ ನಡೆಯುತ್ತೆ.

ಇನ್ನು ಕೇಬಲ್ ಹುಡುಗ. ಈಗ ಹುಡುಗ ಅನ್ನೋ ಹಾಗಿಲ್ಲ, ತಲೆ ಬೆಳ್ಳಗಾಗಿದೆ. ಕೇಬಲ್ ಕನೆಕ್ಷನ್ ಒಂದೊಂದಾಗಿ ಬಿಟ್ಟುಹೋದ ಮೇಲೆ ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್‌ನೆಟ್ ಕೊಡ್ತಾರೆ. ಚಿಕ್ಕಪ್ಪನ ತೋಟದ ಮನೆಗೆ ವೈಫೈ ಬಂದಿರೋದು ಅವರಿಂದಲೇ. ಅಂದ್ರೆ ಅತಿಥಿ ನೋಡೋ ಸಿನಿಮಾ ಈಗಲೂ ಅವರ ವೈರಿನಲ್ಲೇ ಬರೋದು. ಆದರೆ ಯಾವ ಸಿನಿಮಾ ಅಂತ ಅವರಿಗೆ ಗೊತ್ತಿಲ್ಲ, ಅದರ ದುಡ್ಡು ಅವರ ಕೈಗೆ ಬರಲ್ಲ. ಕೇಬಲ್ ನೋಂದಣಿಯನ್ನ ಮಾತ್ರ ಬಿಟ್ಟಿಲ್ಲ. ಮೊನ್ನೆ ಸಿಕ್ಕಾಗ ಪ್ಲಾಸ್ಟಿಕ್ ಕವರಿಂದ ಹಳೇ ಸರ್ಟಿಫಿಕೇಟ್ ತೆಗೆದು ತೋರಿಸಿದ್ರು, ಅಂಚೆ ಕಚೇರಿಯ ಮೊಹರು ಮಸುಕಾಗಿದೆ. 2025ರ ಜನವರಿಯಿಂದ ಆ ಕೆಲಸ ಅಂಚೆಯವರದಲ್ಲ. ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬೇಕು, ನೋಂದಣಿ ಐದು ವರ್ಷಕ್ಕೆ. "ಹೆಡ್ ಪೋಸ್ಟ್‌ಮಾಸ್ಟರ್ ಹತ್ರ ಹೋದ್ರೆ ಕೂರಿಸಿ ಮಾತಾಡ್ಸೋರು ಕಣಪ್ಪ, ಇದೇನೋ ಓಟಿಪಿ ಕೇಳುತ್ತೆ" ಅಂದ್ರು. ಲ್ಯಾಪ್‌ಟಾಪ್ ಅವರ ಅಂಗಡಿ ಮೇಜಿನ ಮೇಲೇ ಇಟ್ಕೊಂಡು, ಅವರದೇ ವೈಫೈಯಲ್ಲಿ, ಇಬ್ಬರೂ ಸೇರಿ ಆ ಫಾರಂ ಅರ್ಧ ತುಂಬಿದ್ದೀವಿ. ಉಳಿದರ್ಧಕ್ಕೆ ಅವರ ಪ್ಯಾನ್ ಕಾರ್ಡ್ ಹುಡುಕಬೇಕು.